ಒಂದು ಸಾಲು, ಮೂವತ್ತು ವರ್ಷ

2009ರ ಅಕ್ಟೋಬರ್ ತಿಂಗಳ ಮೊದಲ ದಿನಗಳಲ್ಲಿ ತುಂಗಭದ್ರೆ ನಮ್ಮ ಹಿರಿಯರೂ ಕಂಡರಿಯದಷ್ಟು ಏರಿ ಬಂದಳು. ಮಂತ್ರಾಲಯದಲ್ಲಿ ರಾಯರ ಮಠದೊಳಗೆ ನೀರು ಹೊಕ್ಕಿತು. ಕರ್ನೂಲು ಪಟ್ಟಣ ಮುಳುಗಿತು. ನಂದವರಂ ಮಂಡಲದ ಹೊಳೆದಂಡೆಯ ಹಳ್ಳಿಗಳಲ್ಲಿ ನೀರು ಇಳಿದ ಮೇಲೆ ಉಳಿದದ್ದು ಕೆಸರು, ಕೊಳೆತ ಪೈರು, ಗೋಡೆ ಕುಸಿದ ಮನೆಗಳು. ಆ ಹದಿನೈದು ದಿನ ಪೇಪರು ಬಿಡಿಸಿ ಓದುವ ಪುರುಸೊತ್ತು ನಮ್ಮ ಕಡೆ ಯಾರಿಗೂ ಇರಲಿಲ್ಲ. ಹಾಗಾಗಿ ಅದೇ ತಿಂಗಳ 14ರಂದು ಬೆಂಗಳೂರಿನಲ್ಲಿ 85 ವರ್ಷದ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ನಮ್ಮನ್ನು ಮುಟ್ಟಲೇ ಇಲ್ಲ. ನನಗೂ ಅದು ತಿಳಿದದ್ದು ತುಂಬ ತಡವಾಗಿ. ತಿಳಿದ ಮೇಲೆ ಅವರ ಕತೆ ನನ್ನನ್ನು ಬಿಡಲಿಲ್ಲ.

ಅವರ ಹೆಸರು ಸಿ.ಬಿ. ಮುತ್ತಮ್ಮ. ಭಾರತೀಯ ವಿದೇಶಾಂಗ ಸೇವೆಗೆ ಪರೀಕ್ಷೆ ಬರೆದು ಸೇರಿದ ಮೊದಲ ಮಹಿಳೆ. ಆ ಸೇವೆಯ ಒಳಗಿನಿಂದ ಬೆಳೆದು ರಾಯಭಾರಿಯಾದ ಮೊದಲ ಮಹಿಳೆ. ಹಂಗೆರಿ, ಘಾನಾ, ನೆದರ್ಲೆಂಡ್ಸ್ ಎಂಬ ಮೂರು ದೇಶಗಳಲ್ಲಿ ಭಾರತದ ಪರವಾಗಿ ಮಾತಾಡಿದವರು.

ಕೊಡಗಿನ ಮಗಳ ಕತೆಯನ್ನು ಆದೋನಿ ಸೀಮೆಯಲ್ಲಿ ಕೂತು ಯಾಕೆ ಬರೆಯಬೇಕು? ಕಾಗದದ ಮೇಲಿನ ಒಂದು ಸಾಲು ಮನುಷ್ಯರ ಬಾಳನ್ನು ಹೇಗೆ ತಿರುಗಿಸುತ್ತದೆ ಎನ್ನುವುದು ನಮಗೆ ಗೊತ್ತಿರುವುದರಿಂದ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯನ್ನು ಒಡೆದರು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಬಂದವು, ಉಳಿದವು ಮೈಸೂರಿಗೆ ಹೋದವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಎಂಬ ನಮ್ಮ ಬದುಕು ಅಂದಿನಿಂದ ನಡೆದು ಬಂದಿದೆ. ಆ ಸಾಲನ್ನು ಬರೆಯುವಾಗ ನಮ್ಮನ್ನು ಯಾರೂ ಕೇಳಲಿಲ್ಲ. ಮುತ್ತಮ್ಮನವರ ಬಾಳಿನ ಮೇಲೂ ಅಂಥದೇ ಒಂದು ಸಾಲು ಇತ್ತು. ಅವರು ಅದನ್ನು ಓದಿದರು, ಮೂವತ್ತು ವರ್ಷ ಹೊತ್ತರು, ಕೊನೆಗೆ ದೇಶದ ಅತಿ ದೊಡ್ಡ ನ್ಯಾಯಾಲಯದ ಮುಂದೆ ತಂದು ಇಟ್ಟರು.

ವಿರಾಜಪೇಟೆಯ ಹುಡುಗಿ

ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಹುಟ್ಟಿದ್ದು 1924ರ ಜನವರಿ 24ರಂದು, ವಿರಾಜಪೇಟೆಯಲ್ಲಿ. ಕೊಡವರ ಪದ್ಧತಿಯಂತೆ ಮೊದಲು ಒಕ್ಕದ, ಎಂದರೆ ಮನೆತನದ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ತನ್ನ ಹೆಸರು. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮಗಳಿಗೆ ಒಂಬತ್ತು ವರ್ಷವಾದಾಗ ಅವರು ತೀರಿಕೊಂಡರು. ನಾಲ್ಕು ಮಕ್ಕಳ ತಾಯಿ ಎದೆಗುಂದದೆ ಎಲ್ಲರನ್ನೂ ಓದಿಸಲು ನಿಂತರು. ಮುಂದೆ ನಡೆದ ಎಲ್ಲದಕ್ಕೂ ಬೇರು ಆ ತಾಯಿಯ ಹಟದಲ್ಲಿದೆ.

ಮಡಿಕೇರಿಯ ಸೇಂಟ್ ಜೋಸೆಫ್ ಬಾಲಕಿಯರ ಶಾಲೆಯಲ್ಲಿ ಓದು ಮುಗಿಸಿ ಮುತ್ತಮ್ಮ ಮದ್ರಾಸಿಗೆ ಹೋದರು. ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ, ಜೊತೆಗೆ ಮೂರು ಚಿನ್ನದ ಪದಕ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಆ ದಿನಗಳಲ್ಲಿ ನಮ್ಮ ಆದೋನಿಯೂ ಮದ್ರಾಸ್ ಪ್ರಾಂತದ್ದೇ. ದೊಡ್ಡ ಓದು ಬೇಕೆಂದವರು ಇಲ್ಲಿಂದಲೂ ಅದೇ ಊರಿನ ರೈಲು ಹತ್ತಬೇಕಿತ್ತು.

ಕೊಡಗು ಎಂದರೆ ಸೈನ್ಯದ ನಾಡು ಎಂಬ ಮಾತು ಆಗಲೇ ಬೇರೂರಿತ್ತು. ಕೆ.ಎಂ. ಕಾರ್ಯಪ್ಪನವರು 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ನಿವೃತ್ತಿಯಾದ ಮೇಲೆ 1953ರಿಂದ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಭಾರತದ ಹೈಕಮಿಷನರ್ ಆಗಿ ಹೋದರು. ಅದೇ 1953ರಲ್ಲಿ ಇನ್ನೊಬ್ಬ ಕೊಡಗಿನ ವೀರ ತಿಮ್ಮಯ್ಯನವರು ಕೊರಿಯಾದಲ್ಲಿ ಯುದ್ಧಕೈದಿಗಳ ಆಯೋಗದ ಹೊಣೆ ಹೊತ್ತಿದ್ದರು. ಇಬ್ಬರನ್ನೂ ದೇಶ ಕರೆದು ಕಳಿಸಿತು. ಮುತ್ತಮ್ಮನವರು ಮಾತ್ರ ಒಳಗೆ ಬರಲು ಬಾಗಿಲು ತಟ್ಟಬೇಕಾಯಿತು.

ಮುಚ್ಚಳಿಕೆ

ವಿದೇಶಾಂಗ ಸೇವೆ ಎಂಬ ಹೊಸ ಸೇವೆಯನ್ನು ಕಟ್ಟಲು ದೆಹಲಿಯಲ್ಲಿ ತೀರ್ಮಾನವಾದದ್ದು 1946ರ ಅಕ್ಟೋಬರಿನಲ್ಲಿ. ಬ್ರಿಟಿಷರ ಐ.ಸಿ.ಎಸ್. ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸ್ವತಂತ್ರ ಭಾರತ ಆ ಬಾಗಿಲು ತೆರೆಯಿತು. ಮುತ್ತಮ್ಮ 1948ರಲ್ಲಿ ಕೇಂದ್ರ ಲೋಕಸೇವಾ ಪರೀಕ್ಷೆ ಗೆದ್ದು 1949ರಲ್ಲಿ ಸೇವೆಗೆ ಸೇರಿದರು.

ಅದಕ್ಕೂ ಮೊದಲೇ ವಿಜಯಲಕ್ಷ್ಮಿ ಪಂಡಿತ್ ಅವರು ಮಾಸ್ಕೋದಲ್ಲಿ, ಆಮೇಲೆ ವಾಷಿಂಗ್ಟನ್ನಿನಲ್ಲಿ ಭಾರತದ ರಾಯಭಾರಿಯಾಗಿದ್ದರು. 1953ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರೂ ಆದರು. ಆದರೆ ಅವರು ರಾಜಕೀಯದಿಂದ ಬಂದವರು, ಪ್ರಧಾನಿಯ ತಂಗಿ, ಸ್ವಾತಂತ್ರ್ಯ ಹೋರಾಟದ ಮುಂದಾಳು. ಕೆಳಗಿನ ಮೆಟ್ಟಿಲಿನಿಂದ ಫೈಲು ಹಿಡಿದು ಹತ್ತಬೇಕಾದ ಹೆಣ್ಣುಮಗಳ ದಾರಿ ಬೇರೆಯೇ ಇತ್ತು.

ಆ ದಾರಿಯ ಮೊದಲ ಕಲ್ಲು ಸಂದರ್ಶನದ ಕೋಣೆಯಲ್ಲೇ ಸಿಕ್ಕಿತು. ವಿದೇಶಾಂಗ ಸೇವೆಗೆ ಹೋಗಬೇಡವೆಂದು ಲೋಕಸೇವಾ ಆಯೋಗದ ಅಧ್ಯಕ್ಷರೇ ತನ್ನನ್ನು ಹಿಂದೆಳೆಯಲು ನೋಡಿದರು, ಸಂದರ್ಶನದಲ್ಲಿ ಅತಿ ಕಡಿಮೆ ಅಂಕ ಬರುವಂತೆ ತಮ್ಮ ಪ್ರಭಾವ ಬಳಸಿದ್ದಾಗಿ ಆಮೇಲೆ ಅವರೇ ತನಗೆ ಹೇಳಿದರು ಎಂದು ಮುತ್ತಮ್ಮ ಮುಂದೆ ತಮ್ಮ ಅರ್ಜಿಯಲ್ಲಿ ಬರೆದರು. ಆದರೂ ಆಯ್ಕೆಯಾದರು. ಸೇರುವಾಗ ಅವರಿಂದ ಒಂದು ಮುಚ್ಚಳಿಕೆ ಕೇಳಿದರು. ಮದುವೆಯಾದರೆ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ, ಇಷ್ಟೇ ಅದರ ಸಾರಾಂಶ. ಅದೇ ವರ್ಷ ಸೇರಿದ ಗಂಡಸರಲ್ಲಿ ಯಾರಿಂದಲೂ ಇಂಥ ಕಾಗದ ಕೇಳಿರಲಿಲ್ಲ.

ಇದು ಒಬ್ಬರಿಗಷ್ಟೇ ಆದದ್ದಲ್ಲ. 1951ರಲ್ಲಿ ಐ.ಎ.ಎಸ್. ಸೇರಿದ ಮೊದಲ ಮಹಿಳೆ ಅನ್ನಾ ರಾಜಂ ಅವರ ನೇಮಕದ ಆದೇಶದಲ್ಲೂ, ಮದುವೆಯಾದರೆ ಕೆಲಸ ಹೋಗುತ್ತದೆ ಎಂಬ ಷರತ್ತು ಇತ್ತು.

ಕಾಲವನ್ನು ಸ್ವಲ್ಪ ಗಮನಿಸಿ. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು 14ನೆಯ ವಿಧಿ ಹೇಳಿತು. ಸರ್ಕಾರಿ ಹುದ್ದೆಯ ವಿಷಯದಲ್ಲಿ ಹೆಣ್ಣು ಗಂಡೆಂಬ ಭೇದ ಕೂಡದೆಂದು 16ನೆಯ ವಿಧಿ ಬಿಡಿಸಿಯೇ ಹೇಳಿತು. ಅದಾಗಿ ಹನ್ನೊಂದು ವರ್ಷದ ಮೇಲೆ, 1961ರಲ್ಲಿ, ವಿದೇಶಾಂಗ ಸೇವೆಯ ನಿಯಮಗಳನ್ನು ಬರೆದು ಪ್ರಕಟಿಸಿದರು. ನಡತೆಯ ನಿಯಮಗಳಲ್ಲಿ 8ನೆಯದರ ಎರಡನೆಯ ಉಪನಿಯಮದ ಪ್ರಕಾರ ಸೇವೆಯಲ್ಲಿರುವ ಮಹಿಳೆ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಮನೆವಾರ್ತೆಯಿಂದ ಕೆಲಸಕ್ಕೆ ಅಡ್ಡಿಯಾದೀತೆಂದು ಸರ್ಕಾರಕ್ಕೆ ಅನ್ನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ನೇಮಕಾತಿ ನಿಯಮಗಳಲ್ಲಿ 18ನೆಯದರ ನಾಲ್ಕನೆಯ ಉಪನಿಯಮ ಇನ್ನೂ ಚಿಕ್ಕದು: ಮದುವೆಯಾದ ಮಹಿಳೆಗೆ ಈ ಸೇವೆಗೆ ನೇಮಕವಾಗುವ ಹಕ್ಕು ಇಲ್ಲ.

ಸಂವಿಧಾನ ಒಂದು ಕೈಯಲ್ಲಿ ಕೊಟ್ಟದ್ದನ್ನು ನಿಯಮಾವಳಿ ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತು. ಸಂವಿಧಾನವನ್ನು ಶಾಲೆಗಳಲ್ಲಿ ಗಟ್ಟಿಯಾಗಿ ಓದಿಸುತ್ತಾರೆ. ನಿಯಮಾವಳಿ ಕಪಾಟಿನಲ್ಲಿರುತ್ತದೆ. ಬಾಳು ನಡೆಯುವುದು ಮಾತ್ರ ಕಪಾಟಿನೊಳಗಿನ ಕಾಗದದ ಪ್ರಕಾರ.

ದೇಶದಿಂದ ದೇಶಕ್ಕೆ

ಮುತ್ತಮ್ಮನವರ ಮೊದಲ ಠಾಣೆ ಪ್ಯಾರಿಸ್. ಆಮೇಲೆ ರಂಗೂನ್, ಲಂಡನ್. ನಡುವೆ ದೆಹಲಿಯಲ್ಲಿ ಪಾಕಿಸ್ತಾನದ ವಿಭಾಗ, ಅಮೆರಿಕದ ವಿಭಾಗ. ದೇಶ ಒಡೆದ ಗಾಯ ಹಸಿಯಾಗಿದ್ದ ಕಾಲದಲ್ಲಿ ಪಾಕಿಸ್ತಾನದ ಫೈಲುಗಳೆಂದರೆ ಗಡಿ, ನದಿನೀರು, ನಿರಾಶ್ರಿತರ ಆಸ್ತಿ, ಕಾಶ್ಮೀರ. ಒಂದೊಂದು ಪದವನ್ನೂ ತೂಗಿ ಬರೆಯಬೇಕಾದ ಕೆಲಸ. ಓದುವುದು, ಬರೆಯುವುದು, ಮಾತಿನ ಹಿಂದಿನ ಮಾತು ಹಿಡಿಯುವುದು: ರಾಯಭಾರದ ಕಸುಬು ಅಷ್ಟೇ.

ನಮ್ಮ ಹಳ್ಳಿಗಳಲ್ಲಿ ರಾಯಭಾರ ಎಂದರೆ ಕೃಷ್ಣ. ಹಬ್ಬ ಜಾತ್ರೆಗಳಲ್ಲಿ ರಾತ್ರಿಯಿಡೀ ನಡೆಯುವ ತೆಲುಗು ಪದ್ಯನಾಟಕದಲ್ಲಿ ಕೃಷ್ಣ ರಾಯಭಾರದ ಭಾಗ ಬಂದರೆ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಾರೆ. ಕನ್ನಡ ಮನೆಯ ಮಕ್ಕಳೂ ಆ ಪದ್ಯಗಳನ್ನು ಗುನುಗುತ್ತ ಬೆಳೆದವರೇ. ದೂತ ಆಡುವ ಮಾತು ತನ್ನದಲ್ಲ, ಕಳಿಸಿದವರದು ಎಂಬುದನ್ನು ನಾವು ಕಲಿತದ್ದು ಅಲ್ಲಿ. ಪಾಂಡವರಿಗೆ ಐದು ಊರು ಕೇಳಿದ ಕೃಷ್ಣ ತನಗಾಗಿ ಒಂದು ಊರನ್ನೂ ಕೇಳಲಿಲ್ಲ. ವಿದೇಶಾಂಗ ಸೇವೆಯವರ ಬಾಳೂ ಹಾಗೆಯೇ. ಮೂರು ವರ್ಷಕ್ಕೊಮ್ಮೆ ಪೆಟ್ಟಿಗೆ ಕಟ್ಟಬೇಕು, ಹೊಸ ಊರಿನ ಭಾಷೆ ಕಿವಿಗೆ ಹತ್ತುವಷ್ಟರಲ್ಲಿ ಮತ್ತೆ ಹೊರಡಬೇಕು, ತನ್ನ ಅಭಿಪ್ರಾಯವನ್ನು ಒಳಗಿಟ್ಟು ದೇಶದ ಅಭಿಪ್ರಾಯವನ್ನು ಹೇಳಬೇಕು.

ಹೆಣ್ಣಿಗೆ ಇದರ ಮೇಲೆ ಇನ್ನೊಂದು ಭಾರ. ಆ ಕಾಲದ ರಾಯಭಾರ ಕಚೇರಿಗಳು ಅರ್ಧ ನಡೆಯುತ್ತಿದ್ದುದು ಅಧಿಕಾರಿಗಳ ಹೆಂಡತಿಯರ ದುಡಿಮೆಯಿಂದ. ಅತಿಥಿಗಳನ್ನು ಕರೆಯುವುದು, ಊಟದ ಮೇಜು ಸಜ್ಜು ಮಾಡುವುದು, ಬೇರೆ ದೇಶದವರ ಮನೆಗಳ ಜೊತೆ ಸ್ನೇಹ ಉಳಿಸಿಕೊಳ್ಳುವುದು ಎಲ್ಲವೂ ಸಂಬಳವಿಲ್ಲದೆ ಅವರ ಪಾಲಿಗೆ ಬರುತ್ತಿತ್ತು. ಮದುವೆಯಾದ ಗಂಡಸಿಗೆ ಸಂಸಾರ ಒಂದು ಬಲ. ಅದೇ ಸಂಸಾರ ಹೆಂಗಸಿಗೆ ಅನರ್ಹತೆ. ಹಗಲು ಫೈಲು ನೋಡಿ, ಸಂಜೆ ಅತಿಥಿಗಳನ್ನು ಎದುರುಗೊಳ್ಳುವ ಎರಡೂ ಕೆಲಸ ಮುತ್ತಮ್ಮನವರ ಪಾಲಿಗೇ ಬಂದವು. ಅವರು ಮದುವೆಯಾಗಲಿಲ್ಲ.

1970ರಲ್ಲಿ ಅವರನ್ನು ಹಂಗೆರಿಗೆ ರಾಯಭಾರಿಯಾಗಿ ನೇಮಿಸಿದರು. ಸೇವೆಗೆ ಸೇರಿ ಇಪ್ಪತ್ತೊಂದು ವರ್ಷವಾಗಿತ್ತು. ರಾಷ್ಟ್ರಪತಿಯವರ ಸಹಿಯಿರುವ ಅಧಿಕಾರ ಪತ್ರವನ್ನು ಆತಿಥೇಯ ದೇಶದ ಮುಖ್ಯಸ್ಥರಿಗೆ ಒಪ್ಪಿಸಿದ ಕ್ಷಣದಿಂದ ರಾಯಭಾರಿಯ ಮಾತು ಭಾರತದ ಮಾತಾಗುತ್ತದೆ. ಪರೀಕ್ಷೆ ಬರೆದು ಸೇವೆಗೆ ಬಂದ ಹೆಣ್ಣುಮಗಳೊಬ್ಬಳ ಕೈಗೆ ಅಂಥ ಪತ್ರ ಬಂದದ್ದು ಅದೇ ಮೊದಲು.

ಬುಡಾಪೆಸ್ಟ್ ಭಾರತಕ್ಕೆ ಅಪರಿಚಿತ ಊರಲ್ಲ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1913ರಲ್ಲಿ ಹುಟ್ಟಿದ್ದು ಅಲ್ಲಿ. 1926ರಲ್ಲಿ ರವೀಂದ್ರನಾಥ ಠಾಕೂರರು ಬಾಲಟನ್ ಸರೋವರದ ದಂಡೆಯ ಊರಿನಲ್ಲಿ ಹೃದಯದ ಚಿಕಿತ್ಸೆ ಪಡೆದು, ನೆನಪಿಗೆ ಒಂದು ಗಿಡ ನೆಟ್ಟಿದ್ದರು. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಜನರ ಬಂಡಾಯವನ್ನು ತುಳಿದಾಗ ಹಂಗೆರಿಯ ಹೋರಾಟಗಾರರು ನೆರವಿಗಾಗಿ ತಿರುಗಿ ನೋಡಿದ ಬಾಗಿಲುಗಳಲ್ಲಿ ಭಾರತದ ರಾಯಭಾರ ಕಚೇರಿಯದೂ ಒಂದು. ಮುತ್ತಮ್ಮ ಹೋಗುವ ಹೊತ್ತಿಗೆ ಯಾನೋಷ್ ಕಾದಾರ್ ಆಳ್ವಿಕೆ ನೆಲೆಯೂರಿತ್ತು. 1968ರಲ್ಲಿ ಶುರುವಾದ ಆರ್ಥಿಕ ಸುಧಾರಣೆಯಿಂದ ಸಮಾಜವಾದಿ ದೇಶಗಳಲ್ಲಿ ಹಂಗೆರಿ ಸ್ವಲ್ಪ ಸಡಿಲವಾಗಿ ಉಸಿರಾಡುತ್ತಿತ್ತು. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಲಕ್ಷಗಟ್ಟಲೆ ಭಾರತಕ್ಕೆ ಹರಿದು ಬಂದರು. ಆಗಸ್ಟ್ 9ರಂದು ಭಾರತ ಸೋವಿಯತ್ ಒಕ್ಕೂಟದ ಜೊತೆ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿತು, ಡಿಸೆಂಬರಿನಲ್ಲಿ ಯುದ್ಧವೂ ಬಂತು. ಆ ಹೊತ್ತಿನಲ್ಲಿ ಪೂರ್ವ ಯುರೋಪಿನ ಯಾವ ರಾಜಧಾನಿಯೂ ಭಾರತಕ್ಕೆ ಸಣ್ಣದಾಗಿರಲಿಲ್ಲ.

ಮುಂದಿನದು ಘಾನಾದ ರಾಜಧಾನಿ ಅಕ್ರಾ. 1957ರ ಮಾರ್ಚ್ 6ರಂದು ಬ್ರಿಟಿಷರಿಂದ ಬಿಡುಗಡೆ ಪಡೆದ ಘಾನಾ, ಕ್ವಾಮೆ ಎನ್‌ಕ್ರುಮಾ ಕಾಲದಲ್ಲಿ ನೆಹರೂ ಭಾರತದ ಆಪ್ತ ಗೆಳೆಯ. ಅದರ ವಾಯುಪಡೆ ಹುಟ್ಟುವಾಗ ತರಬೇತಿಗೆ ನಿಂತವರಲ್ಲಿ ಭಾರತೀಯ ಅಧಿಕಾರಿಗಳಿದ್ದರು. 1966ರಲ್ಲಿ ಎನ್‌ಕ್ರುಮಾ ಪದಚ್ಯುತರಾದರು. 1972ರಲ್ಲಿ ಸೇನೆ ಮತ್ತೆ ಅಧಿಕಾರ ಹಿಡಿಯಿತು. ಕೋಕೋ ಬೆಳೆಯನ್ನೇ ನಂಬಿದ ದೇಶದಲ್ಲಿ ಬೆಲೆಯೇರಿಕೆ, ಸರಕಿನ ಅಭಾವ. ಹತ್ತಿ, ಕಡಲೆಕಾಯಿ ಬೆಲೆ ಮೇಲೆ ಕೆಳಗೆ ಆದಾಗ ಆದೋನಿ ಮಾರುಕಟ್ಟೆಯ ಮುಖ ಹೇಗಾಗುತ್ತದೆ ಎಂದು ಬಲ್ಲ ನಮಗೆ ಆ ಸಂಕಟ ದೂರದ್ದಲ್ಲ.

ಅರ್ಜಿ

ಎಪ್ಪತ್ತರ ದಶಕದ ಕೊನೆಗೆ ಮುತ್ತಮ್ಮನವರ ಮುಂದಿದ್ದದ್ದು ಸೇವೆಯ ಮೊದಲ ದರ್ಜೆಯ ಬಡ್ತಿ. ಅದು ಅವರಿಗೆ ಸಿಗಲಿಲ್ಲ. ತನಗಿಂತ ಕಿರಿಯರು ಮುಂದೆ ಹೋಗುವುದನ್ನು ಅವರು ನೋಡಿದರು. ಒಳಗೊಳಗೇ ನೊಂದು ಸುಮ್ಮನಾಗುವವರೇ ಹೆಚ್ಚು. ಎರಡು ದೇಶಗಳಲ್ಲಿ ರಾಯಭಾರಿಯಾಗಿದ್ದ ಈ ಅಧಿಕಾರಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು.

ಅರ್ಜಿಯ ಹೆಸರು: ಸಿ.ಬಿ. ಮುತ್ತಮ್ಮ ವಿರುದ್ಧ ಭಾರತ ಸರ್ಕಾರ. ಬದುಕಿಡೀ ಭಾರತ ಸರ್ಕಾರದ ಪರವಾಗಿ ಮಾತಾಡಿದ ದೂತೆ ತನ್ನ ಮಾತನ್ನು ತಾನೇ ಆಡಿದ್ದು ಆಗ. ಆದರೆ ಅವರು ಕೇಳಿದ್ದು ಬಡ್ತಿ ಒಂದನ್ನೇ ಅಲ್ಲ. ಹೆಂಗಸು ಎಂಬ ಕಾರಣಕ್ಕೆ ವಿದೇಶಾಂಗ ಇಲಾಖೆಯಲ್ಲಿ ಮೊದಲಿನಿಂದಲೂ ಹಗೆತನದ ತಾರತಮ್ಯ ನಡೆದಿದೆ ಎಂದರು. ಸಂದರ್ಶನದ ಕೋಣೆಯಿಂದ ಮುಚ್ಚಳಿಕೆಯವರೆಗೆ, ಮುಚ್ಚಳಿಕೆಯಿಂದ ಬಡ್ತಿಯ ಮಂಡಳಿಯವರೆಗೆ ಒಂದೊಂದನ್ನೂ ಬರೆದರು. ಆ ಎರಡು ನಿಯಮಗಳನ್ನು ಹೆಸರಿಸಿ ಮುಂದಿಟ್ಟರು.

ತೀರ್ಪು ಬಂದದ್ದು 1979ರ ಸೆಪ್ಟೆಂಬರ್ 17ರಂದು. ಪೀಠದಲ್ಲಿದ್ದವರು ವಿ.ಆರ್. ಕೃಷ್ಣ ಅಯ್ಯರ್ ಮತ್ತು ಪಿ.ಎನ್. ಸಿಂಘಾಲ್. ತೀರ್ಪು ಬರೆದ ಕೃಷ್ಣ ಅಯ್ಯರ್ ತುಂಬ ನೇರವಾದ ಪ್ರಶ್ನೆ ಎತ್ತಿದರು. ಮನೆವಾರ್ತೆ ಕೆಲಸಕ್ಕೆ ಅಡ್ಡಿಯಾಗುವುದಾದರೆ ಗಂಡಸಿಗೂ ಆಗಬಹುದಲ್ಲ? ಮದುವೆಗೆ ಹೆಂಗಸು ಅನುಮತಿ ಕೇಳಬೇಕಾದರೆ ಗಂಡಸಿಗೆ ಯಾಕಿಲ್ಲ? ಸ್ವಾತಂತ್ರ್ಯದ ಹೋರಾಟ ಹೆಣ್ಣಿನ ದಾಸ್ಯದ ವಿರುದ್ಧದ ಹೋರಾಟವೂ ಆಗಿತ್ತೆಂಬುದನ್ನು ಈ ನಿಯಮ ಬರೆದವರು ಮರೆತರೆಂದು ಅವರು ನೊಂದು ಬರೆದರು. ಯಾವ ಕೆಲಸದಲ್ಲೂ ಎಂದೂ ಹೆಣ್ಣು ಗಂಡಿನ ವ್ಯತ್ಯಾಸವನ್ನು ಗಮನಿಸಬಾರದೆಂದು ಅವರು ಹೇಳಲಿಲ್ಲ. ಆದರೆ ಅಂಥ ಅಗತ್ಯ ಕಣ್ಣಿಗೆ ಕಾಣದ ಕಡೆ ಸಮಾನತೆಯೇ ನಿಲ್ಲಬೇಕು ಎಂದರು.

ಸರ್ಕಾರದ ಉತ್ತರವನ್ನು ನೋಡಿ. 18ನೆಯ ನಿಯಮದ ಆ ಸಾಲನ್ನು 1973ರ ನವೆಂಬರ್ 12ರಂದೇ ತೆಗೆದಿದ್ದೇವೆ, 8ನೆಯದರ ಉಪನಿಯಮವನ್ನೂ ತೆಗೆಯುತ್ತಿದ್ದೇವೆ, ಗೆಜೆಟಿನಲ್ಲಿ ಬರುತ್ತದೆ ಎಂದು ಅದು ಹೇಳಿತು. ಅರ್ಜಿ ವಿಚಾರಣೆಯಲ್ಲಿ ಇರುವಾಗಲೇ ಮುತ್ತಮ್ಮನವರಿಗೆ ಬಡ್ತಿ ಬಂತು. ಹೇಗ್ ನಗರಕ್ಕೆ ರಾಯಭಾರಿಯಾಗಿ ನೇಮಕವೂ ಆಯಿತು. ನ್ಯಾಯಾಲಯದ ಮೆಟ್ಟಿಲು ಹತ್ತುವವರೆಗೆ ಸಿಗದಿದ್ದದ್ದು ಹತ್ತಿದ ಮೇಲೆ ಸಿಕ್ಕಿತು. ಹೀಗಾಗಿ ಪೀಠ ಅರ್ಜಿಯನ್ನು ವಜಾ ಮಾಡಿತು. ಆದರೆ ಆಕೆಯ ಜ್ಯೇಷ್ಠತೆಯನ್ನು ಬೇಗ ಪುನರ್‌ಪರಿಶೀಲಿಸಲು ಹೇಳಿತು. ಎಲ್ಲ ಸೇವಾ ನಿಯಮಗಳನ್ನೂ ತಡಕಿ ಹೆಣ್ಣು ಗಂಡೆಂಬ ಭೇದದ ಕಲೆಯನ್ನು ತೊಳೆಯಬೇಕು, ಅದಕ್ಕಾಗಿ ಇನ್ನೊಬ್ಬರು ಅರ್ಜಿ ಹಾಕಲಿ ಎಂದು ಕಾಯಬಾರದು ಎಂದು ಸರ್ಕಾರಕ್ಕೆ ಎಚ್ಚರಿಕೆ ಕೊಟ್ಟಿತು.

ಕಾಗದದ ಲೆಕ್ಕದಲ್ಲಿ ಅದು ಸೋತ ಅರ್ಜಿ. ಆದರೆ ಕಾನೂನು ಓದುವ ಮಕ್ಕಳು ಇಂದಿಗೂ ಅದನ್ನು ಓದುತ್ತಾರೆ. ಎರಡು ವರ್ಷದ ಮೇಲೆ, 1981ರಲ್ಲಿ, ಏರ್ ಇಂಡಿಯಾದ ಗಗನಸಖಿಯರ ಮೊಕದ್ದಮೆಯಲ್ಲಿ, ಮೊದಲ ಬಸಿರಿಗೇ ಕೆಲಸ ಕಳೆಯುವ ನಿಯಮವನ್ನು ಇದೇ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಸಂವಿಧಾನದ ಮಾತನ್ನು ಕಪಾಟಿನ ನಿಯಮದ ಪಕ್ಕದಲ್ಲಿಟ್ಟು ಓದಬೇಕೆಂಬ ಅಭ್ಯಾಸ ನಮ್ಮಲ್ಲಿ ಬೆಳೆಯತೊಡಗಿತ್ತು.

ಹೇಗ್, ಆಮೇಲೆ

ಹೇಗ್ ನ್ಯಾಯದ ಊರು. ಅಂತರರಾಷ್ಟ್ರೀಯ ನ್ಯಾಯಾಲಯ ಇರುವುದು ಅಲ್ಲಿ. ನಮ್ಮ ಸಂವಿಧಾನದ ಕರಡಿಗೆ ದುಡಿದ ಮಂಗಳೂರಿನ ಬೆನಗಲ್ ನರಸಿಂಗ ರಾಯರು 1952ರಲ್ಲಿ ಅಲ್ಲಿ ನ್ಯಾಯಾಧೀಶರಾದವರು. ಮುತ್ತಮ್ಮ ಹೋದಾಗ ಭಾರತದ ನಗೇಂದ್ರ ಸಿಂಗ್ ಆ ಪೀಠದಲ್ಲಿದ್ದರು. ನೆದರ್ಲೆಂಡ್ಸಿನ ಸಿಂಹಾಸನದಲ್ಲಿ ಇದ್ದದ್ದೂ ಹೆಣ್ಣು, ರಾಣಿ. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಹೊತ್ತಿಗೆ ಅಲ್ಲಿಂದ ಬಂದು ನೆಲೆಸಿದ ಹಿಂದೂಸ್ತಾನಿಗಳ ದೊಡ್ಡ ಸಮುದಾಯ ಡಚ್ ಊರುಗಳಲ್ಲಿತ್ತು. ಭೋಜಪುರಿ ಸೀಮೆಯಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದವರ ಮೊಮ್ಮಕ್ಕಳು ಅವರು.

1982ರಲ್ಲಿ, 32 ವರ್ಷದ ಸೇವೆಯ ನಂತರ, ಮುತ್ತಮ್ಮ ನಿವೃತ್ತರಾದರು. ಸ್ವೀಡನ್ನಿನ ಓಲೋಫ್ ಪಾಲ್ಮೆ ನೇತೃತ್ವದ ನಿಶ್ಶಸ್ತ್ರೀಕರಣ ಆಯೋಗದಲ್ಲಿ ಭಾರತದ ಸದಸ್ಯರಾಗಿದ್ದರು. ಅದೇ ವರ್ಷ ಬಂದ ಆಯೋಗದ ವರದಿಯ ಸಾರ ಇದು: ಅಣುಬಾಂಬಿನ ಕಾಲದಲ್ಲಿ ಎದುರಾಳಿಯನ್ನು ಹೆದರಿಸಿ ಯಾರೂ ಸುರಕ್ಷಿತರಾಗಲಾರರು, ಎದುರಾಳಿಯ ಜೊತೆ ಸೇರಿಯೇ ಆಗಬೇಕು. ಇನ್ನೊಬ್ಬರ ಮಾತು ಕೇಳುವುದನ್ನೇ ಬಾಳಿಡೀ ಕಲಿತವರಿಗೆ ಆ ಮಾತು ಹೊಸದಾಗಿರಲಾರದು. ದೆಹಲಿಯಲ್ಲಿ ತಮಗಿದ್ದ ಜಮೀನನ್ನು ಮದರ್ ತೆರೇಸಾ ಅವರ ಸಂಸ್ಥೆಗೆ ಅನಾಥ ಮಕ್ಕಳ ಆಶ್ರಯಕ್ಕಾಗಿ ಬಿಟ್ಟುಕೊಟ್ಟರು. ಕೊಡವರ ಅಡುಗೆಯ ಪುಸ್ತಕಕ್ಕೆ ಕೈ ಜೋಡಿಸಿದರು. 2003ರಲ್ಲಿ ಬಂದ ‘ಸ್ಲೇನ್ ಬೈ ದಿ ಸಿಸ್ಟಂ’ ಎಂಬ ಅವರ ಪ್ರಬಂಧಗಳ ಪುಸ್ತಕ, ಬ್ರಿಟಿಷರು ಹೋದರೂ ಅವರ ಆಡಳಿತದ ಅಚ್ಚು ಉಳಿದುಕೊಂಡದ್ದನ್ನು ವಿಮರ್ಶಿಸುತ್ತದೆ.

ಇನ್ನು ಆ 2009ಕ್ಕೆ ಮರಳೋಣ. ಅಕ್ಟೋಬರಿನಲ್ಲಿ ಮುತ್ತಮ್ಮ ಕಣ್ಣು ಮುಚ್ಚುವಾಗ ಭಾರತದ ವಿದೇಶಾಂಗ ಕಾರ್ಯದರ್ಶಿ, ಎಂದರೆ ಇಡೀ ಸೇವೆಯ ಮುಖ್ಯಸ್ಥೆ, ಬೆಂಗಳೂರಿನಲ್ಲಿ ಓದಿದ ನಿರುಪಮಾ ರಾವ್. ಆ ವರ್ಷದ ಆಗಸ್ಟ್ 1ರಂದು ಅಧಿಕಾರ ವಹಿಸಿಕೊಂಡಿದ್ದರು. 1973ರ ತಂಡದವರು, ಅಂದರೆ ಮದುವೆಯಾದ ಮಹಿಳೆಗೆ ಹಕ್ಕಿಲ್ಲ ಎಂಬ ಸಾಲು ಅಳಿದ ವರ್ಷವೇ ಸೇವೆಗೆ ಬಂದವರು. ಅವರ ಪತಿ ಸುಧಾಕರ ರಾವ್ ಕರ್ನಾಟಕದ ಮುಖ್ಯ ಕಾರ್ಯದರ್ಶಿಯಾಗಿದ್ದವರು. ಸಂಸಾರವೂ ಇತ್ತು, ಸೇವೆಯೂ ಇತ್ತು. 1949ರ ಮುಚ್ಚಳಿಕೆಯ ಪ್ರಕಾರ ಎರಡರಲ್ಲಿ ಒಂದನ್ನು ಬಿಡಬೇಕಿತ್ತು.

ನಮ್ಮ ನಂದವರಂ, ಎಮ್ಮಿಗನೂರು, ಆದೋನಿಯ ಹೆಣ್ಣುಮಕ್ಕಳು ಈಗ ನೌಕರಿಯ ಅರ್ಜಿ ತುಂಬುತ್ತಾರೆ. ಒಂದು ಕಡೆ ತೆಲುಗು, ಒಂದು ಕಡೆ ಇಂಗ್ಲಿಷ್, ಮನೆಯಲ್ಲಿ ಅಮ್ಮನಿಗೆ ವಿವರಿಸುವುದು ಕನ್ನಡದಲ್ಲಿ. ಮದುವೆಯಾದರೆ ಬಿಡುತ್ತೇನೆ ಎಂದು ಸಹಿ ಹಾಕಿಸುವ ಕಾಗದ ಆ ಅರ್ಜಿಯ ಜೊತೆ ಬರುವುದಿಲ್ಲ. ಅಂಥದೊಂದು ಕಾಗದ ಇತ್ತೆಂದು ಅವರಿಗೆ ಗೊತ್ತಿಲ್ಲ. ನಾನು ಈ ಕತೆ ಬರೆದದ್ದು ಅವರಿಗೆ ಅದು ಗೊತ್ತಾಗಲಿ ಎಂದು. ಅರ್ಜಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಷರತ್ತುಗಳನ್ನೂ ಪೂರ್ತಿ ಓದಿ ಆಮೇಲೆ ಸಹಿ ಮಾಡಮ್ಮ ಎಂದು ನಾನೀಗ ಪ್ರತಿಯೊಬ್ಬಳಿಗೂ ಹೇಳುತ್ತೇನೆ.